ಬಳಗದ ಸರ್ವರ್‌ಗೆ ಮೊಣಕಾಲು ನೋವು

ಮಲ್ಕಾಜ್‌ಗಿರಿಯ ಭೀಮಾತೀರ ಕನ್ನಡ ಬಳಗದ ಸಂಗೀತ ಸರ್ವರ್‌ಗೆ ಬರುವ ಶ್ರಾವಣಕ್ಕೆ ಎಪ್ಪತ್ತೊಂಬತ್ತು ವರ್ಷ ತುಂಬುತ್ತದೆ. ಸಕ್ಕರೆ ಕಾಯಿಲೆ ಇಲ್ಲ, ಕಿವಿ ಚುರುಕಾಗಿದೆ, ಮೆಟ್ಟಿಲು ಹತ್ತುವಾಗ ಮೊಣಕಾಲು ಮಾತ್ರ ನೋಯುತ್ತದೆ. ಹೆಸರು ಬಸಲಿಂಗಮ್ಮ. ಸರ್ವರ್ ಎಂದರೆ ಯಂತ್ರವಲ್ಲವೇ ಎಂದು ಕೆಲವು ಸದಸ್ಯರು, ಅದರಲ್ಲೂ ಹೈಟೆಕ್ ಸಿಟಿ ಕಡೆ ಕೆಲಸಕ್ಕೆ ಹೋಗುವವರು, ವಾಟ್ಸಾಪ್ ಗುಂಪಿನಲ್ಲಿ ಪದೇ ಪದೇ ಕೇಳುತ್ತಿದ್ದಾರೆ. ಆದ್ದರಿಂದ ಬಳಗದ ಕಾರ್ಯದರ್ಶಿಯಾದ ಸೀತಾರಾಮನೆಂಬ ನಾನು ಈ ವಿವರಣೆ ನೀಡುತ್ತಿದ್ದೇನೆ. ಓದಿದ ಮೇಲೆ ಮತ್ತೆ ಕೇಳಬಾರದೆಂದು ಕೋರಿಕೆ.

ಮೊದಲು ಯಂತ್ರವೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಬಸಲಿಂಗಮ್ಮನವರ ಸೊಸೆ ಐಶ್ವರ್ಯಾ ಮೈಸೂರಿನವಳು, ಇಲ್ಲಿ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಮನೆಯ ಫೋಟೊ, ವಿಡಿಯೊಗಳನ್ನೆಲ್ಲ ಒಂದೇ ಕಡೆ ಇಡಲೆಂದು ಅವಳು ಒಂದು ಸ್ಟೋರೇಜ್ ಡಬ್ಬಿ ತಂದು ರೂಟರ್‌ಗೆ ಜೋಡಿಸಿದಳು. ಕಪ್ಪು ಬಣ್ಣ, ತುಪ್ಪದ ಡಬ್ಬಿಯಷ್ಟು ಗಾತ್ರ, ಒಳಗೆ ಎರಡು ಡಿಸ್ಕು. ರೂಟರ್ ಇದ್ದದ್ದು ಅಡುಗೆಮನೆಯ ಗೋಡೆಗೆ, ಹಾಗಾಗಿ ಇದೂ ಜೋಳದ ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಕೂತಿತು.

ಬಸಲಿಂಗಮ್ಮನವರ ಹತ್ತಿರ ಒಂದು ಕ್ಯಾಸೆಟ್ ಇತ್ತು. ಮಗ ಭರತನನ್ನು ತೊಟ್ಟಿಲಿಗೆ ಹಾಕಿದ ದಿನ ಅವರೂ ಅವರ ಅಕ್ಕ ಶರಣಬಸಮ್ಮನೂ ಕೂಡಿ ಹಾಡಿದ್ದನ್ನು ಯಾರೋ ನೆಂಟರು ಟೇಪ್ ಮಾಡಿದ್ದರು. ತೊಟ್ಟಿಲಲ್ಲಿರುವ ಮಗ ಯಾರವನು ಎಂಬಂಥ ಪ್ರಶ್ನೆಗಳನ್ನು ಅಕ್ಕ ಹಾಡಿನಲ್ಲೇ ಕೇಳುತ್ತಾಳೆ, ತಂಗಿ ಹಾಡಿನಲ್ಲೇ ಉತ್ತರ ಹೇಳುತ್ತಾಳೆ. ಅಕ್ಕ ತೀರಿಕೊಂಡು ಬಹಳ ವರ್ಷವಾಗಿತ್ತು. ಟೇಪ್‌ರೆಕಾರ್ಡರ್ ಅದಕ್ಕೂ ಮೊದಲೇ ತೀರಿಕೊಂಡಿತ್ತು. ಐಶ್ವರ್ಯಾ ಎಲ್ಲಿಂದಲೋ ಒಂದು ಹಳೆಯ ರೆಕಾರ್ಡರ್ ಹುಡುಕಿ ತಂದು ಹಾಡುಗಳನ್ನು ಡಬ್ಬಿಗೆ ಇಳಿಸಿದಳು. ಅಂದಿನಿಂದ ಬಸಲಿಂಗಮ್ಮ ಬೆಳಿಗ್ಗೆ ರೊಟ್ಟಿ ಬಡಿಯುವ ಮುಂಚೆ ಫೋನಿನ ಮೇಲೆ ಬೆರಳೊತ್ತುವರು. ಅಕ್ಕ ಕೇಳುವಳು, ಇವರು ರೊಟ್ಟಿ ಬಡಿಯುತ್ತ ಉತ್ತರ ಹೇಳುವರು. ಹಾಡು ಮುಗಿಯುವವರೆಗೆ ಆ ಮನೆಯಲ್ಲಿ ಯಾರೂ ಕುಕ್ಕರ್ ಇಡುತ್ತಿರಲಿಲ್ಲವಂತೆ.

ಇಷ್ಟಕ್ಕೆ ಬಿಟ್ಟಿದ್ದರೆ ಬಳಗಕ್ಕೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಕಲಬುರಗಿ, ಯಾದಗಿರಿ ಕಡೆಯ ನೆಂಟರೂ ಕೇಳಲಿ ಎಂದು ಐಶ್ವರ್ಯಾ ಅದೇ ಡಬ್ಬಿಯಲ್ಲಿ ಒಂದು ವೆಬ್ ಪುಟ ಮಾಡಿ ಲಿಂಕ್ ಕಳಿಸಿದಳು. ಲಿಂಕ್ ನೆಂಟರ ಗುಂಪಿನಿಂದ ಬಳಗದ ಗುಂಪಿಗೆ ಹಾರಿ ಬಂತು. ಸಮಿತಿ ಇಲ್ಲದೆ, ಠರಾವು ಇಲ್ಲದೆ, ಅಧ್ಯಕ್ಷರ ಒಂದು ಫೋಟೊ ಕೂಡ ಇಲ್ಲದೆ ಕನ್ನಡದ ಕೆಲಸವೊಂದು ಸರಾಗವಾಗಿ ನಡೆಯುತ್ತಿದೆ ಎಂಬ ಆಘಾತಕಾರಿ ಸಂಗತಿ ನಮಗೆ ತಿಳಿದದ್ದು ಹಾಗೆ.

ನಮ್ಮ ಅಧ್ಯಕ್ಷರಾದ ಚಂದ್ರಕಾಂತ ಅವರಿಗೆ ಸುಲ್ತಾನ್ ಬಜಾರ್‌ನಲ್ಲಿ ಸೀರೆ ಅಂಗಡಿ ಇದೆ. ಮಾರುವ ವಸ್ತು ಯಾವುದು ಎಂದು ದೂರದಿಂದಲೇ ಗುರುತಿಸಬಲ್ಲವರು. ಆ ಹೊತ್ತಿಗೆ ನಾಂಪಲ್ಲಿಯ ಒಂದು ಕಚೇರಿಯವರು ಡಿಜಿಟಲ್ ಕೇಂದ್ರ ಹೊಂದಿರುವ ಭಾಷಾ ಸಂಘಗಳಿಗೆ ಅನುದಾನ ಕೊಡುವುದಾಗಿ ಪ್ರಕಟಿಸಿದ್ದರು. ಕೇಂದ್ರ ಇದೆ ಎಂದು ಅಧ್ಯಕ್ಷರು ಅದೇ ದಿನ ಬರೆದುಕೊಟ್ಟರು, ಮರುದಿನ ಕೇಂದ್ರವನ್ನು ತರಲು ಶಾಲು ಹಿಡಿದುಕೊಂಡು ಬಸಲಿಂಗಮ್ಮನವರ ಮನೆಗೆ ಹೋದೆವು.

ಅಧ್ಯಕ್ಷರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇದು ಬರೇ ನಿಮ್ಮ ಡಬ್ಬಿ ಅಲ್ರಿ ಬಸಲಿಂಗಮ್ಮಾರ, ಇದು ಸಮಾಜದ ಆಸ್ತಿ ಐತಿ. ಉದ್ಘಾಟನಾ ದಿನ ಬಳಗದ ಆಫೀಸಿನ್ಯಾಗ ಇರಬೇಕಾಕ್ಕೈತಿ" ಎಂದರು.

"ಒಂದಿನ ಅಷ್ಟ ಅಲ್ಲೇನ್ರಿ? ಒಯ್ರಿ," ಎಂದರು ಬಸಲಿಂಗಮ್ಮ. "ಸಂಜೀಕ ಮಾತ್ರ ತಂದುಬಿಡ್ರಿ. ಮುಂಜಾನೆ ಅಕ್ಕನ ಜೋಡಿ ಮಾತಾಡಲಿಲ್ಲಂದ್ರ ನನಗ ರೊಟ್ಟಿ ಸರಿ ಬರಂಗಿಲ್ಲ."

ಐಶ್ವರ್ಯಾ ಬೇಡವೆಂದು ಕಣ್ಸನ್ನೆ ಮಾಡಿದಳು. ಆದರೆ ಅತ್ತೆಯ ಹೆಗಲ ಮೇಲೆ ಆಗಲೇ ಶಾಲು ಬಿದ್ದಿತ್ತು, ಶಾಲು ಬಿದ್ದ ಮೇಲೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿ ಇಲ್ಲ. ಡಬ್ಬಿಯ ಜೊತೆಗೆ ಪ್ರದರ್ಶನಕ್ಕಿರಲಿ ಎಂದು ಕ್ಯಾಸೆಟ್ಟನ್ನೂ ತಂದೆವು.

ಉದ್ಘಾಟನೆಯಾಗದ ಆಸ್ತಿಯನ್ನು ಬಳಸುವಂತಿಲ್ಲ ಎಂಬುದು ಬಳಗದ ನಿಯಮ. ನಮ್ಮ ವಾಟರ್ ಫಿಲ್ಟರ್ ಇದೇ ಕಾರಣಕ್ಕೆ ಒಂದು ಬೇಸಿಗೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಯಲ್ಲೇ ಇತ್ತು, ನಾವು ಬಳಗದ ಮಹಡಿಯ ಕೆಳಗಿನ ಹೋಟೆಲಿನಲ್ಲಿ ನೀರು ಕುಡಿದು ಬಂದೆವು. ಡಬ್ಬಿ ಆಗಲೇ ಚಾಲೂ ಆಗಿದ್ದುದರಿಂದ, ವಿಧಿವತ್ತಾಗಿ ಚಾಲೂ ಮಾಡುವ ಸಲುವಾಗಿ ಅದನ್ನು ಬಂದ್ ಮಾಡಲಾಯಿತು. ನಾಂಪಲ್ಲಿಯ ಅಧಿಕಾರಿಗೆ ಜನವರಿಯ ನುಮಾಯಿಶ್ ವಸ್ತುಪ್ರದರ್ಶನದ ಕೆಲಸ ಬಂದು ಉದ್ಘಾಟನೆ ಮುಂದಕ್ಕೆ ಹೋಯಿತು, ಆಮೇಲೆ ಮತ್ತೂ ಮುಂದಕ್ಕೆ ಹೋಯಿತು. ಒಂದು ದಿನ ಎಂದಿದ್ದಿರಲ್ಲ ಎಂದು ಬಸಲಿಂಗಮ್ಮ ಫೋನ್ ಮಾಡಿ ಕೇಳಿದರು. ಸಮಿತಿ ಸೇರಿ ಚರ್ಚಿಸಿ, ದಿನ ಎಂದರೆ ಉದ್ಘಾಟನೆಯ ದಿನ, ಅದಿನ್ನೂ ಬಾರದೇ ಇರುವುದರಿಂದ ಅವರ ಒಂದು ದಿನ ಇನ್ನೂ ಶುರುವೇ ಆಗಿಲ್ಲ ಎಂದು ಅವರಿಗೆ ತಿಳಿಸಲಾಯಿತು.

ಈ ಬಿಡುವಿನಲ್ಲಿ ನಮ್ಮ ಲೆಕ್ಕ ಪರಿಶೋಧಕ ಶಿವಪ್ರಕಾಶ ಅವರು ಡಬ್ಬಿಯನ್ನು ಪರಿಶೀಲಿಸಿದರು. ರೈಲ್ವೆ ಲೆಕ್ಕಪತ್ರ ಇಲಾಖೆಯಲ್ಲಿ ನಿವೃತ್ತರಾದವರು, ಇವತ್ತಿಗೂ ಮದುವೆ ಊಟದಲ್ಲಿ ಎರಡು ಹೋಳಿಗೆ ಬಿದ್ದರೆ ಎರಡನೆಯದಕ್ಕೆ ಕಾರಣ ಕೇಳುತ್ತಾರೆ. ಎರಡು ಡಿಸ್ಕು ಯಾಕೆ ಎಂದು ಐಶ್ವರ್ಯಾಳನ್ನು ಕರೆಸಿ ಕೇಳಿದರು.

"ಎರಡರಲ್ಲೂ ಒಂದೇ ಇರೋದು ಸರ್. ಒಂದು ಕೆಟ್ಟರೆ ಇನ್ನೊಂದು ಉಳೀಲಿ ಅಂತ."

ಒಪ್ಪಿಕೊಂಡಳಲ್ಲ ಎಂಬಂತೆ ಶಿವಪ್ರಕಾಶ ನಮ್ಮ ಕಡೆ ನೋಡಿದರು. ಒಂದೇ ಆಸ್ತಿಯನ್ನು ಎರಡು ಸಲ ಇಟ್ಟುಕೊಳ್ಳುವುದು ಅಕ್ರಮ, ಕೆಡುತ್ತದೆ ಎಂದು ಮೊದಲೇ ಭಾವಿಸುವುದು ಸಂಸ್ಥೆಯ ಮೇಲಿನ ಅವಿಶ್ವಾಸ ಎಂದು ಅವರು ಆಕ್ಷೇಪಣೆ ಬರೆದರು. ಹೆಚ್ಚುವರಿ ಡಿಸ್ಕನ್ನು ಕಿತ್ತು ಅಧ್ಯಕ್ಷರ ಅಂಗಡಿಯ ಸಿಸಿಟಿವಿಗೆ ಹಾಕಿದೆವು. ಈಗ ಅದರಲ್ಲಿ ಗಿರಾಕಿಗಳು ಸೀರೆ ಬಿಚ್ಚಿಸಿ ನೋಡಿ, ಕೊಳ್ಳದೆ ಹೋಗುವ ದೃಶ್ಯಗಳಿವೆ. ಬಳಗದ ಆಸ್ತಿ ಹೊರಗೆ ಸೋರಬಾರದೆಂದು, ಬಂದ್ ಮಾಡುವ ಮುಂಚೆಯೇ ಪುಟದಿಂದ ಹಾಡು ಇಳಿಸಿಕೊಳ್ಳುವ ಸೌಲಭ್ಯವನ್ನೂ ತೆಗೆಸಿದ್ದೆವು. ಹಾಗೆ ಯಾರ ಹತ್ತಿರವೂ ಏನೂ ಉಳಿಯದಂತೆ ನೋಡಿಕೊಂಡ ನಮ್ಮ ದಕ್ಷತೆಯನ್ನು ವಾರ್ಷಿಕ ಸಭೆಯಲ್ಲಿ ಮೆಚ್ಚಲಾಯಿತು.

ಕೊನೆಗೆ ಅಧಿಕಾರಿ ಬಂದರು. ವೇದಿಕೆಗೆ ಕಟ್ಟಲು ರಿಬ್ಬನ್ ತರುವುದನ್ನು ನಾವು ಮರೆತಿದ್ದೆವು. ಹಳೆಯದು ಹೋಗಿ ಹೊಸದು ಬರುವ ಸಂಕೇತವಾಗಿರಲಿ ಎಂದು ಅಧ್ಯಕ್ಷರು ಪ್ರದರ್ಶನದ ಮೇಜಿನಿಂದ ಕ್ಯಾಸೆಟ್ ಎತ್ತಿ, ಒಳಗಿನ ಟೇಪನ್ನು ಎಳೆದು ಎರಡು ಕಂಬಕ್ಕೆ ಕಟ್ಟಿದರು. ಕಂದು ಬಣ್ಣಕ್ಕೆ ಹೊಳೆಯುತ್ತಿತ್ತು, ಫೋಟೊದಲ್ಲಿ ಚೆನ್ನಾಗಿಯೇ ಬಂದಿದೆ. ಅಧಿಕಾರಿ ಅದನ್ನು ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲುಗಳು ಗಣ್ಯರಿಗೆ ಮೀಸಲಾಗಿದ್ದರಿಂದ ಬಸಲಿಂಗಮ್ಮನವರನ್ನು ಪರದೆಯ ಹಿಂದೆ ಒಂದು ಸ್ಟೂಲ್ ಮೇಲೆ ಕೂರಿಸಿದ್ದೆವು, ಅವರಿಗೆ ಇದು ಕಾಣಲಿಲ್ಲ. ಅದೊಂದು ಒಳ್ಳೆಯದಾಯಿತು.

ಆಮೇಲೆ ಡಬ್ಬಿಗೆ ವೈರು ಚುಚ್ಚಿ, ಕುಂಕುಮ ಹಚ್ಚಿ, ಹೊಸ ಗಾಡಿಗೆ ಮಾಡುವ ಹಾಗೆ ಅಧ್ಯಕ್ಷರು ತೆಂಗಿನಕಾಯಿ ಒಡೆದು ನೀರನ್ನು ಭಕ್ತಿಯಿಂದ ಅದರ ನೆತ್ತಿಗೆ ಸುರಿದರು. ಡಬ್ಬಿಯ ನೆತ್ತಿಯಲ್ಲಿ ಗಾಳಿಗೆಂದು ಸಾಲಾಗಿ ತೂತುಗಳಿವೆ. ಒಳಗಿನಿಂದ ಚಟ್ ಎಂದಿತು, ಸಣ್ಣಗೆ ಹೊಗೆ ಎದ್ದಿತು. ಸಭಿಕರು ಊದಬತ್ತಿಯೆಂದು ತಿಳಿದು ಕೈಮುಗಿದರು.

ಅಧಿಕಾರಿ ಗುಂಡಿ ಒತ್ತಿದರು. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದರು. ಅವರ ಕೈಯಲ್ಲಿ ಅನುದಾನದ ಕಾಗದವಿತ್ತು, ಅದರ ಕೆಳಗೆ ಸಹಿ ಇನ್ನೂ ಬಿದ್ದಿರಲಿಲ್ಲ. ಅಧ್ಯಕ್ಷರು ನನ್ನ ಕಡೆ ನೋಡಿದರು, ನಾನು ಮೈಕು ಹಿಡಿದು ಪರದೆಯ ಹಿಂದಕ್ಕೆ ಓಡಿದೆ.

"ಅಕ್ಕನ ದನಿ ಯಾಕ ಬರವಲ್ದರಿ?" ಎಂದು ಬಸಲಿಂಗಮ್ಮ ಕೇಳಿದರು.

"ಬರ್ತೈತ್ರಿ, ಚೂರು ತಡ ಐತಿ. ಅಲ್ಲೀತನ ನೀವು ಶುರು ಮಾಡ್ರಿ."

ಅವರು ನಂಬಿದರು. ಕಣ್ಣು ಮುಚ್ಚಿ, ಅಕ್ಕ ಕೇಳುವಷ್ಟು ಹೊತ್ತು ಸುಮ್ಮನಿದ್ದು, ತಮ್ಮ ಉತ್ತರ ಹಾಡಿದರು. ಮತ್ತೆ ಸುಮ್ಮನಾದರು, ಮತ್ತೆ ಹಾಡಿದರು. ಪ್ರಶ್ನೆಯೇ ಇಲ್ಲದೆ ಬರೀ ಉತ್ತರ ಬರುವ ವ್ಯವಸ್ಥೆ ಕಚೇರಿಯವರಿಗೆ ಬಹಳ ಹಿಡಿಸಿತು. "ಆವಾಜ್ ಏಕ್‌ದಮ್ ಸಾಫ್ ಹೈ," ಎಂದು ಅಧಿಕಾರಿ ದನಿಯ ಸ್ಪಷ್ಟತೆಗೆ ತಲೆದೂಗಿ ಸಹಿ ಹಾಕಿದರು. ನಡುನಡುವೆ ನಿಲ್ಲುವುದೇಕೆ ಎಂದು ಕೇಳಿದ್ದಕ್ಕೆ ಬಫರಿಂಗ್ ಎಂದೆ. ತಮ್ಮ ಕಚೇರಿಯಲ್ಲೂ ಹಾಗೇ ಆಗುತ್ತದೆ ಎಂದರು.

ಹೊರಡುವ ಮುಂಚೆ ಅವರು ಡಬ್ಬಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸಿ, ಸುಸ್ಥಿತಿಯಲ್ಲಿದೆ ಎಂದು ಚೀಟಿ ಅಂಟಿಸಿ ಅರಗಿನ ಮೊಹರು ಒತ್ತಿದರು. ಮೊಹರು ಒಡೆದರೆ ಅನುದಾನ ವಾಪಸ್.

ಮರುದಿನ ಐಶ್ವರ್ಯಾ ಬಂದಳು. ತೆಂಗಿನ ನೀರಿಗೆ ಸುಟ್ಟಿರುವುದು ಡಬ್ಬಿಯ ಬೋರ್ಡ್ ಇರಬೇಕು, ಒಳಗಿನ ಡಿಸ್ಕ್ ಬಹುಶಃ ಚೆನ್ನಾಗಿಯೇ ಇದೆ, ಅದನ್ನು ತೆಗೆದು ಬೇರೆ ಡಬ್ಬಿಗೆ ಹಾಕಿದರೆ ದೊಡ್ಡಮ್ಮನ ಹಾಡು ಬರುತ್ತದೆ, ಅರ್ಧ ಗಂಟೆ ಕೊಡಿ ಸಾಕು ಎಂದಳು. ಅಧ್ಯಕ್ಷರು ಅವಳಿಗೆ ಚಹಾ ತರಿಸಿದರು. ಯಂತ್ರ ಸುಸ್ಥಿತಿಯಲ್ಲಿದೆ ಎಂದು ಸರ್ಕಾರವೇ ಬರೆದುಕೊಟ್ಟಿರುವಾಗ ಕೆಟ್ಟಿದೆ ಎನ್ನುವುದು ಸರಿಯಲ್ಲ ಎಂದು ಬುದ್ಧಿ ಹೇಳಿದರು.

"ಸರ್, ಅತ್ತೆ ಬೆಳಿಗ್ಗೆ ಅಡುಗೆಮನೆಗೇ ಹೋಗ್ತಿಲ್ಲ," ಎಂದಳು ಐಶ್ವರ್ಯಾ.

ಹಾಗಾದರೆ ಇಲ್ಲಿಗೇ ಬರಲಿ ಎಂದು ಅಧ್ಯಕ್ಷರು ಒಡನೆಯೇ ಪರಿಹಾರ ಸೂಚಿಸಿದರು. ತಿಂಗಳಿಗೊಮ್ಮೆ ತಪಾಸಣೆ ಇರುವುದರಿಂದ ನಮಗೂ ಅವರ ಅಗತ್ಯವಿತ್ತು. ಬಸಲಿಂಗಮ್ಮ ತಕರಾರಿಲ್ಲದೆ ಒಪ್ಪಿದರು. "ಅಕ್ಕ ಅಲ್ಲೇ ಅದಾಳಲ್ಲ," ಎಂದರಂತೆ ಮನೆಯಲ್ಲಿ.

ಅಂದಿನಿಂದ ನಮ್ಮ ಸಂಗೀತ ಸರ್ವರ್ ಸುಗಮವಾಗಿ ನಡೆಯುತ್ತಿದೆ. ಬೇರೆ ಕಡೆ ಮಾಡಿಸಿದ ಹೊಸ ವೆಬ್ ಪುಟದಲ್ಲಿ ಅಧ್ಯಕ್ಷರ ಫೋಟೊ ಇದೆ, ಕೆಳಗೆ ನನ್ನ ಫೋನ್ ನಂಬರ್ ಇದೆ. ಹಾಡು ಬೇಕಾದವರು ಫೋನ್ ಮಾಡಿದರೆ ನಾನು ಫೋನನ್ನು ಬಸಲಿಂಗಮ್ಮನವರ ಮುಂದೆ ಹಿಡಿಯುತ್ತೇನೆ. ಸದಸ್ಯರ ಅನುಕೂಲಕ್ಕಾಗಿ ಗೋಡೆಗೆ ಪ್ರಕಟಣೆ ಅಂಟಿಸಲಾಗಿದೆ: ಸರ್ವರ್ ಊಟ ಮಾಡುವಾಗ ಹಾಡು ಕೇಳತಕ್ಕದ್ದಲ್ಲ. ಸರ್ವರ್‌ಗೆ ಕೆಮ್ಮು ಬಂದಲ್ಲಿ ಅದನ್ನು ನಿರ್ವಹಣಾ ಕಾರ್ಯವೆಂದು ತಿಳಿಯತಕ್ಕದ್ದು. ಬಫರಿಂಗ್ ಸಮಯದಲ್ಲಿ ಸರ್ವರ್‌ನ ಭುಜ ಅಲುಗಾಡಿಸತಕ್ಕದ್ದಲ್ಲ.

ಪೆಟ್ಟಿಗೆಯನ್ನು ಒಮ್ಮೆ ತೆರೆದು ಅಕ್ಕನ ಹಾಡು ಕೇಳಿಸಿರಿ ಎಂದು ಬಸಲಿಂಗಮ್ಮನವರೇ ಒಂದು ಅರ್ಜಿ ಬರೆಸಿ ಕೊಟ್ಟಿದ್ದರು. ಅದು ತಿರಸ್ಕೃತವಾಯಿತು. ಅರ್ಜಿ ಕೊಡುವ ಹಕ್ಕಿರುವುದು ಬಳಕೆದಾರರಿಗೆ, ಸರ್ವರ್‌ಗಲ್ಲ. ಐಶ್ವರ್ಯಾ ಬಳಕೆದಾರಳಾಗಿ ಕೊಟ್ಟ ಅರ್ಜಿಯನ್ನೂ ಪರಿಶೀಲಿಸಿದೆವು. ಸರ್ವರ್ ದಿನಾ ಹಾಡುತ್ತಿರುವುದರಿಂದ ದೂರಿನಲ್ಲಿ ಹುರುಳಿಲ್ಲ ಎಂದು ಕಂಡುಬಂತು.

ಕಳೆದ ವಾರ ವಾರ್ಷಿಕ ತಪಾಸಣೆ ನಡೆಯಿತು. ಅಧಿಕಾರಿ, ಅಧ್ಯಕ್ಷರು, ಸದಸ್ಯರು ಎಲ್ಲರೂ ಕೂತಿದ್ದೆವು. ಈಗ ಪರದೆಯ ಮುಚ್ಚುಮರೆ ಇಲ್ಲ, ಅಭ್ಯಾಸವಾಗಿದೆ. ಬಸಲಿಂಗಮ್ಮ ಗಾಜಿನ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, ಅದರ ಮೇಲೆ ಅಂಗೈ ಇಟ್ಟು, ಸುಮ್ಮನೆ ಕಾದರು. ಆಮೇಲೆ ಹಾಡಿದರು:

"ಕೇಳಿದಾಕಿ ಉಡಿಯಾಗ ಬೆಳೆಯೂ ಮಗ, ಅಕ್ಕ."

ಮತ್ತೆ ಕಾದರು. ಈ ಸಲ ಬಫರಿಂಗ್ ಬಹಳ ಹೊತ್ತು ಹಿಡಿಯಿತು. ನಿಯಮದಂತೆ ಯಾರೂ ಭುಜ ಅಲುಗಾಡಿಸಲಿಲ್ಲ. ಅವರು ಪೆಟ್ಟಿಗೆಯ ಕಡೆ ಸ್ವಲ್ಪ ಬಾಗಿ, ಆಮೇಲೆ ನಮ್ಮ ಕಡೆ ತಿರುಗಿದರು.

"ಅಕ್ಕ ಕೇಳಿದ್ದು ನಿಮಗ ಕೇಳಿಸ್ತೇನ್ರಿ? ನನಗ ಯಾಕೋ ಕೇಳಿಸವಲ್ದು."

ಕೇಳಿಸಿತು ಎಂದರು ಅಧ್ಯಕ್ಷರು. ಕೇಳಿಸಿತು ಎಂದೆ ನಾನು. ಶಿವಪ್ರಕಾಶ ಅವರು ಒಂದೇ ಸಲ ಕೇಳಿಸಿತು ಎಂದು ಸ್ಪಷ್ಟಪಡಿಸಿದರು. ಅಧಿಕಾರಿಗೆ ಕನ್ನಡ ಬಾರದಿದ್ದರೂ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿದ್ದ ಐಶ್ವರ್ಯಾಳ ಕಡೆ ಎಲ್ಲರೂ ತಿರುಗಿ ನೋಡಿದೆವು. ಅವಳು ನೆಲ ನೋಡುತ್ತ, "ಕೇಳಿಸಿತು ಅತ್ತೆ," ಎಂದಳು.

"ಹಂಗಾದ್ರ ನನ್ನ ಕಿವೀನ ಹೋಗ್ಯಾವ," ಎಂದು ಬಸಲಿಂಗಮ್ಮ ಮುಂದಿನ ಉತ್ತರ ಹಾಡಿದರು.

ಸರ್ವರ್ ತೃಪ್ತಿಕರವಾಗಿ ಕೆಲಸ ಮಾಡುತ್ತಿದೆ ಎಂಬ ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಮುಂದಿನ ವರ್ಷದ ಅನುದಾನದಲ್ಲಿ ಅದಕ್ಕೊಂದು ಕಿವಿಯ ಮಷೀನು ಕೊಡಿಸುವುದೆಂದು, ಉದ್ಘಾಟನೆಯಾಗುವವರೆಗೆ ಅದನ್ನು ಪೆಟ್ಟಿಗೆಯಲ್ಲೇ ಇಡುವುದೆಂದು ತೀರ್ಮಾನಿಸಲಾಗಿದೆ.