ಹಿಮದ ಬೆಟ್ಟದಲ್ಲಿ ಇಬ್ಬರಿಗೊಂದು ರೂಮು

ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದೇ ನಿಮ್ಮ ಕೆಲಸವಾಗಿದ್ದರೆ ನಿಮ್ಮಷ್ಟು ಸುಖಿ ಇನ್ನೊಬ್ಬನಿಲ್ಲ. ಹೊಸೂರಿನ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ನಾನು ಹದಿನೇಳು ವರ್ಷದಿಂದ ಈ ಸುಖವನ್ನು ಅನುಭವಿಸುತ್ತಿದ್ದೇನೆ. ಮನೆಯಲ್ಲೂ ಅಷ್ಟೆ. ಸಾರಿಗೆ ಉಪ್ಪು ಸರಿಯಾಗಿ ಬಿದ್ದಿದ್ದರೂ ಒಮ್ಮೆ ಹುಬ್ಬು ಗಂಟಿಕ್ಕಿಯೇ ಉಣ್ಣುವುದು ನನ್ನ ಅಭ್ಯಾಸ. ನನ್ನ ಜೊತೆ ಕೆಲಸಕ್ಕಿದ್ದ ವೆಂಕಟೇಶ ಕಾರ್ಖಾನೆ ಬಿಟ್ಟು, ವೆಬ್‌ಸೈಟುಗಳನ್ನು ಸಾಮಾನ್ಯ ಜನರ ಕೈಲಿ ಪರೀಕ್ಷೆ ಮಾಡಿಸಿ ವರದಿ ಕಳಿಸುವ ಕಸುಬು ಹಿಡಿದಿದ್ದಾನೆ. ಹೋದ ತಿಂಗಳು ಮತ್ತಿಗಿರಿಯ ನಮ್ಮ ಮನೆಗೆ ಬಂದ.

"ದೂರದೇಶದ್ದು ಕಣ್ಲಾ. ಹಿಮದ ಬೆಟ್ಟದ ಮೇಲೆ ಕಾಲಿಗೆ ಸ್ಕೀ ಹಲಗೆ ಕಟ್ಕೊಂಡು ಜಾರೋರಿಗೆ ಅಂತ ಇರೋ ರೆಸಾರ್ಟು. ಅದರ ಸೈಟ್ನಾಗೆ ಇಬ್ರಿಗೆ ರೂಮ್ ಹಿಡಿ. ದುಡ್ಡು ಕಟ್ಟೋ ಪುಟ ಬಂದ್ರೆ ನಿಂತ್ಬುಡು. ಎಲ್ಲೆಲ್ಲಿ ತಡವರಿಸ್ದೆ ಅಂತ ಬರ್ಕೊಡು" ಎಂದ. ನಾನು ಹಿಮವನ್ನೇ ನೋಡಿಲ್ಲವಲ್ಲೋ ಎಂದೆ. "ಅದಕ್ಕೇ ನಿನ್ನತ್ರ ಬಂದಿದ್ದು. ನಿಂಗೇ ಅರ್ಥ ಆದ್ರೆ ಪ್ರಪಂಚಕ್ಕೆಲ್ಲ ಅರ್ಥ ಆದಂಗೆ ಕಣ್ಲಾ!" ಹೊಗಳಿಕೆಯೋ ಏನೋ, ಒಪ್ಪಿಕೊಂಡೆ.

ಭಾನುವಾರ ಸಂಜೆ ಟೀ ಕುಡಿದು ಲ್ಯಾಪ್‌ಟಾಪ್ ತೆರೆದೆ. ಪುಟದ ತುಂಬ ಬೆಟ್ಟ, ಬೆಟ್ಟದ ತುಂಬ ಹಿಮ. ರಾಗಿ ಕೇರುತ್ತಿದ್ದ ನನ್ನ ಹೆಂಡತಿ ಜಯಮ್ಮ ಮೊರ ಕೆಳಗಿಟ್ಟು ಪಕ್ಕದಲ್ಲಿ ಬಂದು ಕೂತಳು. "ಎಲ್ರೀ ಇದು? ಯಾರು ಹೋಗ್ತಾರೆ?" ಇದು ಬರೀ ಪರೀಕ್ಷೆ ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದು, "ನಾವೇ."

ಯಾಕೆ ಹಾಗೆಂದೆ ಎಂದು ಹೇಳಿಬಿಡುತ್ತೇನೆ. ಕೆಲಸ ಸಿಕ್ಕ ವರ್ಷವೇ ನನಗೆ ಮದುವೆಯಾಯಿತು. ಊಟಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಹೋದದ್ದು ಕೃಷ್ಣಗಿರಿ ಡ್ಯಾಮಿಗೆ; ಅದೂ ನಮ್ಮಮ್ಮ, ಅಕ್ಕ, ಅಕ್ಕನ ಮೂವರು ಮಕ್ಕಳು ಮತ್ತು ಒಂದು ದೊಡ್ಡ ಡಬ್ಬಿ ಪುಳಿಯೋಗರೆಯ ಜೊತೆ. ಅಲ್ಲಿ ತೆಗೆಸಿದ ಫೋಟೋದಲ್ಲಿ ನಮ್ಮಿಬ್ಬರ ನಡುವೆ ಆ ಡಬ್ಬಿ ಕೂತಿದೆ. ಆಮೇಲೆ ಪ್ರತಿ ವರ್ಷವೂ 'ಮುಂದಿನ ವರ್ಷ' ಎಂದೆ. ಅವಳು ಕೇಳುವುದನ್ನು ಬಿಟ್ಟಳು, ಆಸೆ ಬಿಡಲಿಲ್ಲ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಂಜು ಕಟ್ಟಿದಾಗ ಚಮಚದಲ್ಲಿ ಕೆರೆದು ಅಂಗೈಯಲ್ಲಿಟ್ಟುಕೊಂಡು, ಕರಗುವ ತನಕ ನೋಡುತ್ತ ನಿಲ್ಲುತ್ತಾಳೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಂಕಟವಾದಾಗ ನಾನು ಪೇಪರ್ ಓದುತ್ತೇನೆ.

ಸೈಟು ಮೊದಲು ಹೆಸರು ಕೇಳಿತು, ಆಮೇಲೆ ಮನೆತನದ ಹೆಸರು. ನಮ್ಮ ಕಡೆ ಅದೆಲ್ಲಿ ಬರಬೇಕು? ಅಪ್ಪನ ಹೆಸರಿನ ಒಂದಕ್ಷರ ಉಂಟು, ಅಷ್ಟೆ. ಒಂದಕ್ಷರ ಸಾಲದು ಎಂದು ಕೆಂಪು ಗೆರೆ ಬಂತು. ಅಪ್ಪನ ಪೂರ್ತಿ ಹೆಸರನ್ನೇ ನನಗೂ ಜಯಮ್ಮನಿಗೂ ತುಂಬಿದೆ. ಬದುಕಿದ್ದಾಗ ಕೃಷ್ಣಗಿರಿ ದಾಟದ ಮುನಿಯಪ್ಪನವರು ಹೀಗೆ ಎರಡು ಸಲ ಹಿಮದ ಬೆಟ್ಟಕ್ಕೆ ಹೊರಟರು. ನಿಮಗೆ ಜಾರುವ ಅನುಭವ ಎಷ್ಟು ಎಂಬುದು ಮುಂದಿನ ಪ್ರಶ್ನೆ. "ಮಳೇಲಿ ಕೊಟ್ಗೆ ಮುಂದೆ ಜಾರಿ ಬಿದ್ದಿದ್ದು ಲೆಕ್ಕಕ್ಕೆ ಬತ್ತದಾ?" ಎಂದಳು ಜಯಮ್ಮ. ಹೊಸಬರು ಎಂದು ಒತ್ತಿದೆ.

ಬೆಟ್ಟ ಕಾಣುವ ಕಿಟಕಿಯ ರೂಮನ್ನು ಆರಿಸಿದೆವು. ಅಂಥದ್ದು ಒಂದೇ ಉಳಿದಿದೆ, ಹದಿನೈದು ನಿಮಿಷ ನಿಮಗಾಗಿ ಹಿಡಿದಿಟ್ಟಿರುತ್ತೇವೆ ಎಂದು ಸೈಟು ಹೇಳಿತು. ಮುಂದಕ್ಕೆ ಒತ್ತಬೇಕು, ಜಯಮ್ಮ ಕೈ ಹಿಡಿದಳು. "ಅಯ್ಯೋ, ನಾಲ್ಕೂವರೆ ಆಗೋಯ್ತು! ಆರು ಗಂಟೆಗಂಟ ರಾಹುಕಾಲ. ಮೊದಲ್ನೇ ಸಲ ಇಬ್ರೇ ಹೊರಡೋದು, ಈಗ ಒತ್ಬ್ಯಾಡಿ." ಅವರು ಹದಿನೈದು ನಿಮಿಷ ಕಾಯುತ್ತಾರೆ, ರಾಹು ಒಂದೂವರೆ ಗಂಟೆ ಕಾಯಿಸುತ್ತಾನೆ. ಅಷ್ಟರೊಳಗೆ ಆ ರೂಮನ್ನು ಐದು ಸಲ ಹಿಡಿದು ಐದು ಸಲ ಕಳೆದುಕೊಂಡೆವು. ಪ್ರತಿ ಸಲ ಅದು ಮರಳಿ ಕಾಣಿಸಿಕೊಳ್ಳುವ ತನಕ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಇಬ್ಬರೇ ಅಷ್ಟು ಹೊತ್ತು ಪಕ್ಕಪಕ್ಕ ಕೂತು ಎಷ್ಟು ವರ್ಷವಾಗಿತ್ತೋ!

ಆರು ಹೊಡೆಯಿತು, ರೂಮು ಇತ್ತು, ಒತ್ತಿದೆ. ವಿಶೇಷ ಕೋರಿಕೆ ಏನಾದರೂ ಇದೆಯೇ ಎಂದು ಒಂದು ಚೌಕ ಬಂತು. ಜಯಮ್ಮ ಸ್ವಲ್ಪ ಯೋಚಿಸಿದಳು. "ಜಾರೋದೆಲ್ಲ ಬ್ಯಾಡ. ಒಂದ್ಸಲ ಕೈಲಿ ಮುಟ್ಟಿ ನೋಡ್ತೀನಿ ಅಂತ ಬರೀರಿ."

ಬರೆದೆ. ದುಡ್ಡು ಕಟ್ಟುವ ಪುಟ ಬಂತು. ನನ್ನ ಬೆರಳು ನಿಂತಿತು. "ಸೈಟ್ ಕೆಟ್ಟೋಗಿದೆ ಕಣೇ" ಎಂದೆ.

"ಕೆಟ್ಟಿಲ್ಲ ಬಿಡ್ರಿ. ವೆಂಕಟೇಶಣ್ಣ ಹೇಳ್ವಾಗ ನಾನು ಅಡಿಗೆಮನೇಲೇ ಇದ್ನಲ್ಲಾ."

"ಮತ್ಯಾಕೆ ಇಷ್ಟೊತ್ತು ಕೂತ್ಕೊಂಡೆ?"

"ನಮ್ಮಿಬ್ರಿಗೇ ಅಂತ ನೀವು ರೂಮ್ ಹಿಡಿಯೋದ್ನ ಒಂದ್ಸಲ ನೋಡವಾ ಅಂತ." ಇಷ್ಟು ಹೇಳಿ ಅವಳು ಮೊರ ಎತ್ತಿಕೊಂಡಳು.

ಆ ದಿನ ಪೇಪರ್ ಓದಲಾಗಲಿಲ್ಲ. ವರದಿ ಬರೆಯಲು ಕೂತೆ. ಮನೆತನದ ಹೆಸರಿನ ತೊಡಕು ಬರೆದೆ, ಹದಿನೈದು ನಿಮಿಷ ಸಾಲದೆಂದೂ ಬರೆದೆ. ಬುಕಿಂಗ್ ಪೂರ್ತಿಯಾಗದಿರಲು ಕಾರಣವೇನು ಎಂಬುದು ಕೊನೆಯ ಪ್ರಶ್ನೆ. 'ಇತರೆ' ಎಂಬುದನ್ನು ಒತ್ತಿ, ಮುಂದೆ 'ಗ್ರಾಹಕಿಯ ಗಂಡ' ಎಂದು ತುಂಬಿ ಕಳಿಸಿದೆ. ಎರಡು ದಿನ ಬಿಟ್ಟು ವೆಂಕಟೇಶ ಫೋನು ಮಾಡಿದ. "ಅದೇನ್ಲಾ ಬರ್ದಿದೀಯ? ಅದು ನಮ್ ಕೈಲಿ ರಿಪೇರಿ ಆಗೋ ದೋಷ ಅಲ್ಲ ಅಂತ ಆ ರೆಸಾರ್ಟ್ನೋರು ಬರ್ದವ್ರೆ." ಜಯಮ್ಮನಿಗೆ ಹೇಳಿದೆ. "ಅಷ್ಟು ದೂರದೋರ್ಗೂ ಗೊತ್ತಾಗೋಯ್ತಾ?" ಎಂದಳು.

ಈಗ ಊಟಿಯ ಹೋಟೆಲೊಂದರ ಸೈಟು ತೆರೆದು ಕೂತಿದ್ದೇನೆ. ರಾಹುಕಾಲ ಕಳೆದು ಎರಡು ಗಂಟೆಯಾಯಿತು. ಇಲ್ಲಿಯವರೆಗೆ ಆರು ತಪ್ಪು ಸಿಕ್ಕಿವೆ. ರೂಮು ಇನ್ನೂ ಹಿಡಿದಿಲ್ಲ.