ಸ್ಯಾಂಪಲ್ ಕೊಟ್ಟು ಪುಣ್ಯ ಕಟ್ಟಿಕೊಂಡದ್ದು

ಧಾರವಾಡದ ಕಡೆಯವರಿಗೆ ಎಲ್ಲ ವಿದ್ಯೆಯೂ ಬರುತ್ತದೆ, ಸ್ವಲ್ಪ ಬಡಿಸುವ ವಿದ್ಯೆಯೊಂದನ್ನು ಬಿಟ್ಟು. ನಮ್ಮ ಮನೆಗೆ ಲೈಟ್ ಬಿಲ್ಲು ಕೊಡಲು ಬಂದವನೂ “ಚಹಾ ಕುಡದ ಹೋಗ್ರಿ” ಎನ್ನಿಸಿಕೊಳ್ಳದೆ ಮೆಟ್ಟಿಲು ಇಳಿದದ್ದಿಲ್ಲ. ಚಹಾ ಎಂದಮೇಲೆ ಬರೀ ಚಹಾ ಕೊಡುವುದು ಹೇಗೆ? ಜೊತೆಗೆ ಚೂಡಾ. ಚೂಡಾ ಖಾರವಾಯಿತು ಎಂದರೆ ಒಂದು ಉಂಡಿ. ನಮ್ಮ ಅಜ್ಜಿಯಂತೂ, ಅತಿಥಿಗಳು ಸಾಕೆಂದು ಎಲೆಗೆ ಅಡ್ಡ ಕೈ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಿದ್ದಳು. ಇಂಥ ವಂಶದವನೊಬ್ಬ ಪುಣೆಯಲ್ಲಿ ತಿನ್ನುವ ಪದಾರ್ಥದ ಅಂಗಡಿ ತೆರೆದರೆ ಏನಾಗಬೇಕೋ ಅದೇ ಆಯಿತು.

ಇನ್ನು ಯಾರ ಕೈಕೆಳಗೂ ದುಡಿಯುವುದಿಲ್ಲ ಎಂದು ಶಪಥ ಮಾಡಿ, ಲಾರಿ ಆಫೀಸೊಂದರ ಗುಮಾಸ್ತಿಕೆ ಬಿಟ್ಟು, ಸಾಸವಡ ರಸ್ತೆಯ ಬದಿಗೆ ನಾನೊಂದು ಸಣ್ಣ ಮಳಿಗೆ ಹಿಡಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಚಟ್ನಿ ಪುಡಿ. ಮಾಡುವವಳು ನನ್ನ ಹೆಂಡತಿ ಸುಶೀಲಾ, ಮಾರುವವನು ನಾನು. ಅವಳದೊಂದು ಕರಾರು ಇತ್ತು. ದಸರೆಯೊಳಗೆ ಅಂಗಡಿ ತನ್ನ ಬಾಡಿಗೆಯನ್ನು ತಾನೇ ದುಡಿದುಕೊಳ್ಳಬೇಕು. ಇಲ್ಲವಾದರೆ ಬೀಗ ಹಾಕಿ, ಮಗರಪಟ್ಟಾದಲ್ಲಿ ಅವಳ ತಮ್ಮ ಗಿರೀಶ ನಡೆಸುವ ಆಫೀಸಿಗೆ ನಾನು ಕೆಲಸಕ್ಕೆ ಸೇರಬೇಕು. ಗಿರೀಶ ಒಳ್ಳೆಯ ಹುಡುಗ. ಆದರೆ ಅವನ ಮದುವೆಯಲ್ಲಿ ಅವನ ತಲೆಗೆ ಪೇಟ ಸುತ್ತಿದವನು ನಾನು. ಈಗ ಅವನಿಗೇ ರಜೆಯ ಅರ್ಜಿ ಬರೆಯಲೇ?

ತಮಾಷೆಯೆಂದರೆ ವ್ಯಾಪಾರ ಬೆಳೆಸುವ ಉಪಾಯ ಹೇಳಿಕೊಟ್ಟವನೂ ಅವನೇ. ಮಾರ್ಕೆಟಿಂಗ್ ಓದಿದವನು. “ಭಾವ, ಪಾಲಖಿ ಹೋಗೂ ದಿನಾನ ಅಂಗಡಿ ತೆಗೀರಿ. ರಸ್ತಾ ತುಂಬ ಮಂದಿ ಇರ್ತಾರ. ಸ್ಯಾಂಪಲ್ ಕೊಡ್ರಿ. ಒಮ್ಮೆ ರುಚಿ ಹತ್ತಿತಂದ್ರ ಗಿರಾಕಿ ಎಲ್ಲಿ ಹೋಗ್ತಾನ್ರಿ?” ಮಾತು ಸರಿಯೇ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ಪಾಲಖಿ, ಅಂದರೆ ಸಂತರ ಪಾದುಕೆ ಹೊತ್ತ ಪಲ್ಲಕ್ಕಿ, ನಮ್ಮ ಅಂಗಡಿಯ ಮುಂದೆಯೇ ಸಾಸವಡದ ಕಡೆಗೆ ಸಾಗುತ್ತದೆ. ಆದರೆ ಅವತ್ತು ಇಡೀ ರಸ್ತೆಯ ಜನ ಬಾಳೆಹಣ್ಣು, ಚಹಾ, ಉಪ್ಪಿಟ್ಟು ಹಿಡಿದು, ಪಾಲಖಿಯ ಜೊತೆ ನಡೆದು ಬರುವ ವಾರಕರಿಗಳಿಗೆ ಕೈಮುಗಿದು ಹಂಚುತ್ತಿರುವಾಗ ನಾನೊಬ್ಬ ತಕ್ಕಡಿ ಹಿಡಿದು ನಿಲ್ಲಲೇ? ರೊಟ್ಟಿಯ ಮೇಲೆ ಚಟ್ನಿ, ಚಟ್ನಿಯ ಮೇಲೆ ಮೊಸರು ಹಾಕಿ ಕೊಡುತ್ತಲೇ ಹೋದೆ. ಸಂಜೆಗೆ ಡಬ್ಬಿಗಳೂ ಖಾಲಿ, ಗಲ್ಲಾ ಪೆಟ್ಟಿಗೆಯೂ ಖಾಲಿ. ಸುಶೀಲಾ ಅವತ್ತಿನ ನಷ್ಟವನ್ನು ದೇವರ ಲೆಕ್ಕಕ್ಕೆ ಬರೆದಳು.

ಪಾಲಖಿ ಮುಂದೆ ಹೋಯಿತು, ನನ್ನ ಸ್ಯಾಂಪಲ್ ಹಂಚಿಕೆ ಮಾತ್ರ ಅಲ್ಲೇ ಉಳಿಯಿತು. ಎದುರಿನ ಸೊಸೈಟಿಯಲ್ಲಿ ಜೋಶಿ ಕಾಕಾ ಎಂಬ ನಿವೃತ್ತರಿದ್ದರು. ಬೆಳಗಿನ ವಾಕಿಂಗ್ ಮುಗಿಸಿ ನೇರ ಬರುತ್ತಿದ್ದರು. ಅಂಥ ಹಿರಿಯರ ಅಂಗೈಗೆ ಒಂದು ಚಿಟಿಕೆ ಚಟ್ನಿ ಉದುರಿಸುವುದೆಂದರೆ ಭಿಕ್ಷೆ ಹಾಕಿದ ಹಾಗೆ. ಆದ್ದರಿಂದ ಜೊತೆಗೆ ರೊಟ್ಟಿ. ಅರ್ಧ ರೊಟ್ಟಿ ಕೊಟ್ಟರೆ ನಮ್ಮ ಕಡೆ ಮನೆತನದ ಮಾನ ಹೋಗುತ್ತದೆ, ಆದ್ದರಿಂದ ಇಡಿಯದು. ಒಣ ರೊಟ್ಟಿ ಗಂಟಲಿಗೆ ಹತ್ತೀತೆಂದು ಮೊಸರು. ಕಾಕಾ ತಿಂದು, “ರಾಮಕೃಷ್ಣ ಹರಿ, ಮಾವುಲಿ” ಎಂದು ನನಗೇ ಕೈಮುಗಿದು ಹೋಗುತ್ತಿದ್ದರು. ಮಾವುಲಿ ಎಂದರೆ ತಾಯಿ, ವಾರಕರಿಗಳು ಒಬ್ಬರನ್ನೊಬ್ಬರು ಕರೆಯುವ ಮಾತದು. ಎಂಥ ಸುಸಂಸ್ಕೃತ ಗಿರಾಕಿ ಎಂದು ನಾನು ಉಬ್ಬಿದೆ. ದಿನ ಕಳೆದಂತೆ ಅವರ ವಾಕಿಂಗ್ ಬಳಗವೆಲ್ಲ ಬರತೊಡಗಿತು. ಒಬ್ಬರಂತೂ ಒಂದು ಗೊನೆ ಬಾಳೆಹಣ್ಣು ತಂದಿಟ್ಟು, “ನಮ್ಮದೂ ಒಂದಿಷ್ಟು ಇರಲಿ” ಎಂದರು. ಗಿರಾಕಿಗಳೇ ಅಂಗಡಿಗೆ ಕಾಣಿಕೆ ತರುವಷ್ಟು ಪ್ರೀತಿ ಗಳಿಸಿದೆನಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಕೊಳ್ಳುವುದನ್ನು ಮಾತ್ರ ಒಬ್ಬರೂ ಕೊಳ್ಳಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮಲ್ಲಿ ಕೈ ನನ್ನದು, ಬಾಯಿ ಅವರದು.

ಗಣಪತಿ ಹಬ್ಬ ಮುಗಿಯಿತು. ದಸರೆ ಎದುರಿಗೆ ಬಂದು ನಿಂತಿತು. ಸುಶೀಲಾ ಸೆರಗು ಸಿಕ್ಕಿಸಿದಳು. “ಹೊಟ್ಟಿ ತುಂಬಿದವ್ರು ಚಟ್ನಿ ಯಾಕ ತಗೋತಾರ್ರಿ? ನೀವು ಅಂಗಡಿ ಇಟ್ಟೀರೋ, ಮಠಾ ಇಟ್ಟೀರೋ? ನಾಳಿಂದ ನಾ ಕೂಡತೇನಿ.” ಮರುದಿನ ಕಾಕಾ ಬಂದಾಗ ಅವಳು ಐಸ್‌ಕ್ರೀಮಿನ ಪುಟ್ಟ ಚಮಚದ ತುದಿಗೆ ಇರುವೆಯೂ ನಾಚುವಷ್ಟು ಚಟ್ನಿ ಇಟ್ಟು ಕೊಟ್ಟಳು. ನಾಚಿಕೆಯಿಂದ ನಾನು ಜೋಳದ ಚೀಲಗಳ ಹಿಂದೆ ಅಡಗಿದೆ. ಕಾಕಾ ಚಮಚ ನೋಡಿದರು, ಅವಳನ್ನು ನೋಡಿದರು, ಮರಾಠಿಯಲ್ಲಿ ಮೆಲ್ಲಗೆ ಕೇಳಿದರು, “ಏನಮ್ಮಾ, ಸೇವೆ ಮುಗಿಯಿತೇ?”

“ಯಾವ ಸೇವೆ? ಇದು ಅಂಗಡಿ” ಎಂದಳು ಸುಶೀಲಾ, ಅದೇ ಮರಾಠಿಯಲ್ಲಿ.

ಕಾಕಾ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಪಾಲಖಿಯ ದಿನ ಶುರುವಾದದ್ದಲ್ಲವೇ, ಚಾತುರ್ಮಾಸ ಮುಗಿಯುವ ತನಕ ಅನ್ನದಾನ ಮಾಡುವ ಹರಕೆ ಇರಬೇಕು ಎಂದು ಇಡೀ ಬಳಗ ತಿಳಿದಿತ್ತಂತೆ. “ಪುಣ್ಯ ಮಾಡುವವರ ಮುಂದೆ ದುಡ್ಡು ಚಾಚಿ ಹರಕೆ ಕೆಡಿಸುವುದು ಹೇಗಮ್ಮಾ? ನಿಮ್ಮ ಚಟ್ನಿ ತಿಂದ ಮೇಲೆ ನಮ್ಮ ಮನೆಯಲ್ಲೂ ದಿನಾ ಚಟ್ನಿ ಬೇಕಾಯಿತು. ಮುಂದಿನ ಚೌಕದ ಅಂಗಡಿಯಿಂದ ತರುತ್ತಿದ್ದೇವೆ. ನಿಮ್ಮದರಷ್ಟು ಚೆನ್ನಾಗಿರುವುದಿಲ್ಲ” ಎಂದರು.

ಅಂದರೆ ಇಷ್ಟು ದಿನ ನನ್ನ ಸ್ಯಾಂಪಲ್ಲಿನಿಂದ ವ್ಯಾಪಾರ ಬೆಳೆದದ್ದು ನಿಜ, ಬೆಳೆದದ್ದು ಚೌಕದವನದು. ಚೀಲಗಳ ಹಿಂದೆ ಕುಳಿತು ಇದನ್ನು ಕೇಳಿದಾಗ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸುಶೀಲಾ ನಗಲಿಲ್ಲ. ಕಾಕಾರ ಕೈಗೆ ಎರಡು ಪಾಕೀಟು ಚಟ್ನಿ ಕೊಟ್ಟು ದುಡ್ಡು ತೆಗೆದುಕೊಂಡಳು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಬಳಗಕ್ಕೆ ಬಳಗವೇ ಗಿರಾಕಿಯಾಯಿತು, ದಸರೆಗೆ ಅಂಗಡಿಯ ಬಾಡಿಗೆ ಹುಟ್ಟಿತು, ಗಿರೀಶ “ನಾ ಹೇಳಿದ್ದಿಲ್ಲೇನ್ರಿ ಭಾವ” ಎಂದ. ನನ್ನನ್ನು ಮಾವುಲಿ ಎನ್ನುವವರು ಯಾರೂ ಉಳಿಯಲಿಲ್ಲ, ಅದೊಂದು ಕೊರಗು ಇತ್ತು. ಮೊನ್ನೆ ಸುಶೀಲಾ ಒಳಗಿದ್ದಾಗ ಕಾಕಾ ಬಂದು, ಪಾಕೀಟನ್ನು ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿ, “ಕಾಲು ಕಿಲೋ ಅಂತೀರಿ, ಪೂರ್ತಿ ಇದೆಯೇ? ಒಮ್ಮೆ ತೂಗಿ ತೋರಿಸಿ” ಎಂದರು. ನನಗೆ ರೋಮಾಂಚನವಾಯಿತು. ಪುಣ್ಯವಂತರ ತೂಕವನ್ನು ಯಾರೂ ಪರೀಕ್ಷಿಸುವುದಿಲ್ಲ. ಅನುಮಾನ ಬಂತೆಂದರೆ ನಾನು ನಿಜವಾಗಿಯೂ ವ್ಯಾಪಾರಿಯಾದೆ. ಆ ಸಂತೋಷ ತಡೆಯಲಾರದೆ ಅವರ ಚೀಲಕ್ಕೆ ಇನ್ನೊಂದು ಪಾಕೀಟು ಪುಕ್ಕಟೆ ಹಾಕಿಬಿಟ್ಟೆ. ತಿರುಗಿ ನೋಡಿದರೆ ಸುಶೀಲಾ ಬಾಗಿಲಲ್ಲಿ ನಿಂತು ಫೋನ್ ಹಚ್ಚಿದ್ದಳು. “ಗಿರ್‍ಯಾ, ನಿನ್ನ ಆಫೀಸಿನ್ಯಾಗ ಆ ಜಾಗಾ ಇನ್ನೂ ಖಾಲಿ ಅದ ಏನೋ?”