ಗೌಡರ ಹಿತ್ತಲ ತೆಗ್ಗು, ನನ್ನ ಸ್ಟೂಲು

ದೂರದವರು ಉದ್ಧಾರವಾದರೆ ನನಗೆ ಏನೂ ಅನ್ನಿಸುವುದಿಲ್ಲ. ಮುದಗಲ್ಲಿನಲ್ಲಿರುವ ನನ್ನ ಷಡ್ಡಕ ಎರಡಂತಸ್ತಿನ ಮನೆ ಕಟ್ಟಿಸಿದಾಗ ಮನಸಾರೆ ಹರಸಿ, ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡು ಉಂಡು ಬಂದವನು ನಾನು. ಪಕ್ಕದ ಮನೆಯವರ ಮಾತು ಬೇರೆ. ಷಡ್ಡಕನ ಮನೆ ವರ್ಷಕ್ಕೊಮ್ಮೆ ಕಾಣುತ್ತದೆ. ಪಕ್ಕದವರದ್ದು ಹಲ್ಲುಜ್ಜುವಾಗ ಕಾಣುತ್ತದೆ, ಲುಂಗಿ ಒಣಹಾಕುವಾಗ ಕಾಣುತ್ತದೆ, ಕಣ್ಣು ಮುಚ್ಚಿಕೊಂಡರೆ ಒಗ್ಗರಣೆಯ ವಾಸನೆಯಾಗಿ ಮೂಗಿಗೇ ಬರುತ್ತದೆ. ಹೊಟ್ಟೆಕಿಚ್ಚಿಗೆ ದಿನಾ ಕಟ್ಟಿಗೆ ಬೇಕು, ಅದನ್ನು ತಪ್ಪದೆ ಒದಗಿಸುವವರು ನೆರೆಯವರೇ. ನನ್ನ ಹೊಟ್ಟೆಕಿಚ್ಚು ಎಲ್ಲಿಯವರೆಗೆ ಹೋಯಿತೆಂದರೆ, ಈ ಬೇಸಿಗೆಯಲ್ಲಿ, ಎಪ್ಪತ್ತು ದಾಟಿದ ಒಬ್ಬ ಮುದುಕಿ ಸತ್ತಿರಲಿ ಎಂದು ಒಂದು ವಾರ ಬಯಸಿದೆ. ಆಕೆಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಆಕೆಯ ಮಗ ಕೊಲೆಗಾರನಾದರೆ ಸಾಕಿತ್ತು.

ಸಿಂಧನೂರಿನ ಹೊರಗೆ, ಗೊರೇಬಾಳದ ಕಡೆ ಹೋಗುವಾಗ, ಭತ್ತದ ಗದ್ದೆಗಳು ಶುರುವಾಗುವ ಮೊದಲು ಒಂದು ಗರಸಿನ ದಿಬ್ಬವಿದೆ. ಅದರ ಮೇಲಿನ ಹೊಸ ಬಡಾವಣೆಯಲ್ಲಿ ಮೊದಲು ಮನೆ ಕಟ್ಟಿಸಿದವನು ನಾನು. ನನ್ನ ಮೂಲ ಊರು ಮಸ್ಕಿ, ಕೆಲಸ ಕಾಲುವೆ ಆಫೀಸಿನಲ್ಲಿ ಗುಮಾಸ್ತಿಕೆ. ಆಫೀಸಿನಲ್ಲಿ ನನ್ನನ್ನು ಯಾರೂ ಸಾಹೇಬ ಅನ್ನುವುದಿಲ್ಲ, ಬಡಾವಣೆಯಲ್ಲಿ ಎಲ್ಲರೂ ಅನ್ನುತ್ತಿದ್ದರು. ಅದಕ್ಕೆ ಕಾರಣ ನೀರಿನ ವಾಲ್ವ್ ತಿರುಗಿಸುವ ಚಾವಿ. ಮಾರುದ್ದದ ಕಬ್ಬಿಣದ ಚಾವಿ ನನ್ನ ಮನೆಯ ಬಾಗಿಲ ಹಿಂದೆ ಇರುತ್ತಿತ್ತು. ನಾನು ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೊರಟರೆ ಇಪ್ಪತ್ತೆರಡು ಮನೆಗಳ ಕೊಡಗಳು ಅಂಗಳಕ್ಕೆ ಬರುತ್ತಿದ್ದವು. "ಸಾಹೇಬ್ರ, ಇವತ್ತ ಒಂದೀಟು ಹೆಚ್ಚಿಗಿ ಬಿಡ್ರಿ, ನೆಂಟ್ರು ಬಂದಾರ" ಎಂದು ಹೆಣ್ಣುಮಕ್ಕಳು ಕೇಳಿದರೆ, ತುಂಗಭದ್ರೆಯನ್ನೇ ಜಡೆಯಲ್ಲಿ ಕಟ್ಟಿಕೊಂಡವನ ಹಾಗೆ "ನೋಡೋಣ" ಅನ್ನುತ್ತಿದ್ದೆ.

ಆರು ತಿಂಗಳ ಹಿಂದೆ ಗುರುಗುಂಟಾದಿಂದ ಶರಣೇಗೌಡರು ಬಂದು ನನ್ನ ಪಕ್ಕದ ಮನೆ ಕೊಂಡರು. ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ, ಮನೆಯಲ್ಲಿ ಹೆಂಡತಿ ನೀಲಮ್ಮ ಮತ್ತು ತಾಯಿ ಅಮರಮ್ಮ. ಬಂದ ತಿಂಗಳೇ ಬೋರು ಹಾಕಿಸಿದರು. ನೀರು ಆಳೆತ್ತರ ಚಿಮ್ಮಿತು. ಅವರು ಸುಮ್ಮನೆ ತಮ್ಮ ಪಾಡಿಗೆ ಕುಡಿದುಕೊಂಡಿದ್ದರೆ ನನ್ನದೇನೂ ತಕರಾರಿರಲಿಲ್ಲ. ಕಂಪೌಂಡಿನ ಹೊರಗೆ ಎರಡು ನಳ ಕೂಡಿಸಿ, "ಯಾರರ ಹಿಡಕೊಳ್ರಿ, ನೀರಿಗೇನು ಕೇಳೂದು" ಅಂದುಬಿಟ್ಟರು. ಅವತ್ತಿನಿಂದ ನನ್ನ ಚಾವಿಗೆ ತುಕ್ಕು ಹಿಡಿಯಿತು. ಹೆಗಲ ಮೇಲೆ ಹೊತ್ತುಕೊಂಡು ಹೋದರೆ "ಎಲ್ಲಿಗಿ ಹೊಂಟ್ರಿ ಸಾಹೇಬ್ರ, ಹಾವು ಗೀವು ಬಂದೈತೇನು?" ಎಂದು ಕೇಳತೊಡಗಿದರು.

ಸಾಲದ್ದಕ್ಕೆ ರೊಟ್ಟಿ. ಈ ಕಾಲುವೆ ಸೀಮೆಯಲ್ಲಿ ನಾವೆಲ್ಲ ಮೂರು ಹೊತ್ತೂ ಅನ್ನ ತಿಂದು ರೊಟ್ಟಿ ಬಡಿಯುವುದನ್ನು ಮರೆತವರು. ಗೌಡರ ಮನೆಯಲ್ಲಿ ಬೆಳಗಾದರೆ ತಪತಪ ಸದ್ದು. ನನ್ನ ಹೆಂಡತಿ ಶಾಂತಾ ಅಲ್ಲಿಂದ ನಾಲ್ಕು ರೊಟ್ಟಿ ತಂದು ನನ್ನ ಮುಂದೆ ಹಿಡಿದು, "ನೋಡ್ರಿ, ಹಾಳಿ ಇದ್ದಂಗ ಅದಾವ. ಗೌಡರು ಬಿಸಿ ರೊಟ್ಟಿ ತಿಂದು ಹೆಂಡ್ತೀಗೆ 'ಬೇಷ್ ಆಗೈತಿ' ಅಂತಾರಂತ. ನೀವು ಒಂದಿನಾರ ಅಂದೀರೇನು?" ಅಂದಳು. ನಾನು ರೊಟ್ಟಿಯಲ್ಲಿ ದೋಷ ಹುಡುಕುತ್ತ ನಾಲ್ಕನ್ನೂ ತಿಂದೆ. ದೋಷ ಸಿಗಲಿಲ್ಲ. ಅದರಿಂದ ಇನ್ನಷ್ಟು ಉರಿಯಿತು. ಕೆಟ್ಟವರ ಮೇಲೆ ಹೊಟ್ಟೆಕಿಚ್ಚುಪಡುವುದು ಸುಲಭ, ಬೈದುಕೊಂಡರೆ ಮುಗಿಯಿತು. ಈ ಮನುಷ್ಯ ಕಂಡಾಗೆಲ್ಲ ಎರಡೂ ಕೈ ಎತ್ತಿ "ಶರಣ್ರೀ ಸಾಹೇಬ್ರ" ಅನ್ನುತ್ತಿದ್ದ. ಬೈಯಲು ಒಂದು ಎಳೆಯಾದರೂ ಬೇಡವೇ?

ಹೀಗಿರುವಾಗ ರಜೆಗೆ ಬಂದ ಮಗಳು ಒಂದು ಹಬ್ಬದ ದಿನ ಮಧ್ಯಾಹ್ನ ಟೀವಿಯಲ್ಲಿ ಸಿನಿಮಾ ಹಾಕಿದಳು. ಹೆಸರು ನೆನಪಿಲ್ಲ. ಯಾವುದೋ ದೇಶದ, ನಮ್ಮಂಥದೇ ಒಂದು ಬಡಾವಣೆ. ಎಲ್ಲರೂ ಪರದೆ ಸರಿಸಿ ಪಕ್ಕದವರನ್ನು ನೋಡುವವರೇ. ಪಕ್ಕದ ಮನೆಯವರು ಮಾತಿನಲ್ಲಿ ಬೆಣ್ಣೆ, ಆದರೆ ಅವರ ಮನೆಗೆ ಹೋದವರು ವಾಪಸು ಬರುವುದಿಲ್ಲ. ಹೆಣ ಬೀಳುವ ಸಿನಿಮಾದಲ್ಲಿ ನಗಿಸುತ್ತಾರಲ್ಲ ಎಂದು ಮೊದಲು ಬೇಸರವಾದರೂ, ಆಮೇಲೆ ಕುರ್ಚಿಯನ್ನು ಟೀವಿಯ ಹತ್ತಿರ ಎಳೆದುಕೊಂಡೆ. ಆ ನೆರೆಯವರು ನಿಜವಾಗಿ ಕೊಂದಿದ್ದರೋ ಇಲ್ಲವೋ ತಿಳಿಯಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಬರಲು ಮೂರು ತಾಸು ಹಿಡಿಯಿತು. ಅಷ್ಟರಲ್ಲಿ ಉಳಿದ ಸಿನಿಮಾವನ್ನು ನಾನೇ ತಲೆಯೊಳಗೆ ತೆಗೆದು ಮುಗಿಸಿದ್ದೆ. ನಾಯಕನಿಗೆ ಹೆಚ್ಚುಕಡಿಮೆ ನನ್ನದೇ ಮುಖವಿತ್ತು.

ಮರುದಿನ ಗೌಡರ ಹಿತ್ತಲಿನಲ್ಲಿ ಸಲಿಕೆಯ ಸದ್ದು ಕೇಳಿತು. ನಡುವಿನ ಗೋಡೆ ನನ್ನ ಮೂಗಿನವರೆಗೆ ಬರುತ್ತದೆ. ಅದಕ್ಕೆ ಅಡುಗೆಮನೆಯ ಸ್ಟೂಲು ತಂದೆ. ಇಬ್ಬರು ಆಳುಗಳು ತೆಗ್ಗು ತೋಡುತ್ತಿದ್ದರು. ಬಾಯಿ ಕಿರಿದು, ಒಬ್ಬ ಮನುಷ್ಯ ಇಳಿಯುವಷ್ಟು. "ಏನ್ರೀ ಗೌಡ್ರ, ಸಂಡಾಸದ ಗುಂಡಿಯೇನು?" ಅಂದೆ. ಗೌಡರು ಬೆಚ್ಚಿ ತಿರುಗಿ, "ಹಿಂಗ ಸುಮ್ನ್ರೀ ಸಾಹೇಬ್ರ. ಏನೂ ಇಲ್ಲ" ಅಂದರು. ಸುಮ್ಮನೆ ಯಾರಾದರೂ ಆಳೆತ್ತರ ಅಗೆಯುತ್ತಾರೆಯೇ? ಎರಡನೆಯ ದಿನ ಅಗೆತ ನಿಂತು ತಗಡಿನಿಂದ ಬಾಯಿ ಮುಚ್ಚಿದರು. ಮೂರನೆಯ ದಿನ ಆ ತೆಗ್ಗಿನಿಂದ ಹೊಗೆ ಎದ್ದಿತು. ಬೇವಿನ ಸೊಪ್ಪಿನ ಕಟುವಾಸನೆ ನಮ್ಮ ಅಡುಗೆಮನೆಗೆ ಬಂತು. ಯಾವ ವಾಸನೆಯನ್ನು ಮುಚ್ಚಲು ಈ ವಾಸನೆ ಎಂದು ನನಗೆ ನಾನೇ ಕೇಳಿಕೊಂಡೆ.

ಅವತ್ತೇ ಹೊಳೆಯಿತು: ಅಮರಮ್ಮ ಕಾಣುತ್ತಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತು, ಹೋಗಿ ಬರುವವರನ್ನೆಲ್ಲ "ಉಂಡೀಯೇನಪಾ?" ಎಂದು ವಿಚಾರಿಸುತ್ತಿದ್ದ ಮುದುಕಿ. ತೆಗ್ಗು ತೋಡಲು ಶುರುಮಾಡಿದ ದಿನದಿಂದಲೇ ಕಟ್ಟೆ ಖಾಲಿ. ಮೈ ಜುಮ್ಮೆಂದಿತು. ಭಯಕ್ಕೆ ಎಂದು ಬರೆದರೆ ಸುಳ್ಳಾಗುತ್ತದೆ, ಖುಷಿಗೆ.

ಆಫೀಸಿಗೆ ಹೋಗುವಾಗ ಗೌಡರನ್ನು ತಡೆದು, "ಅಮ್ಮಾರು ಕಾಣವಲ್ರು?" ಎಂದು ಕೇಳಿದೆ. "ಮೈಯಾಗ ಆರಾಮಿಲ್ರೀ, ಒಳಗ ಮಲಗ್ಯಾಳ" ಅಂದರು. ಸಂಜೆ ನಳದ ಹತ್ತಿರ ನೀಲಮ್ಮನನ್ನು ಕೇಳಿದರೆ, "ನಮ್ಮತ್ತಿನ? ಮುದಗಲ್ಲಿಗಿ ಮಗಳ ಮನಿಗಿ ಹೋಗ್ಯಾಳ್ರೀ" ಅಂದಳು. ಸುಳ್ಳು ಹೇಳುವವರು ಒಂದೇ ಸುಳ್ಳನ್ನು ಇಬ್ಬರೂ ಸೇರಿ ಬಾಯಿಪಾಠ ಮಾಡಬೇಕು. ಮರುದಿನ ಮತ್ತೆ ಕೇಳಿದೆ. ಅದರ ಮರುದಿನವೂ ಕೇಳಿದೆ. ದಿನಾ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಔಷಧಿ ತೆಗೆದುಕೊಂಡ ಹಾಗೆ ಕೇಳಿದೆ. ಶಾಂತಾ ಹಣೆ ಹಣೆ ಬಡಿದುಕೊಂಡಳು. "ನೀವು ನಿಮ್ಮವ್ವ ಜ್ವರ ಬಂದು ಮಲಗಿದಾಗ ಇಷ್ಟು ಕೇಳಿರಲಿಲ್ಲ. ಏನಾಗೈತಿ ನಿಮಗ?" ಅಂದಳು. ಅವಳಿಗೆ ಹೇಳಲಿಲ್ಲ. ಅವಳು ಗೌಡರ ರೊಟ್ಟಿ ತಿಂದವಳು. ನಾನೂ ತಿಂದಿದ್ದೆ, ಆದರೆ ನನ್ನದು ಪರೀಕ್ಷೆಗಾಗಿ.

ಹೇಳಿದ್ದು ಎದುರುಮನೆಯ ವೆಂಕಟರಾವ್‌ಗೆ. ಆಂಧ್ರದಿಂದ ಬಂದು ನೆಲೆಸಿದ ರೈತರ ಹತ್ತಿರದ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವರು, ರೈಸ್‌ಮಿಲ್ಲಿನಲ್ಲಿ ಮುನೀಮರು. ತೆಗ್ಗು, ಹೊಗೆ, ಎರಡು ನಾಲಿಗೆ, ಕಾಣೆಯಾದ ತಾಯಿ, ಎಲ್ಲ ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು. "ಅಯ್ಯೋ ರಾಮಾ! ಇದು ಪೊಲೀಸ್ ಕೇಸಂಡಿ. ಆದ್ರ ಸಾಕ್ಷಿ ಬೇಕಾಗ್ತದೆ" ಅಂದರು. ಸಾಕ್ಷಿ ನಮ್ಮ ಸ್ಟೂಲಿನ ಮೇಲೆಯೇ ಸಿಗುತ್ತದೆ ಎಂದೆ. ಮನಸ್ಸಿನಲ್ಲಿ ಆಗಲೇ ಎಲ್ಲ ನಡೆದುಹೋಗಿತ್ತು: ಜೀಪು ಬಂದು ಗೌಡರನ್ನು ಕರೆದೊಯ್ಯುತ್ತದೆ, ಬೋರಿಗೆ ಸೀಲು ಬೀಳುತ್ತದೆ, ಬಡಾವಣೆಯ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ನನ್ನ ಬಾಗಿಲಿಗೆ ಬಂದು "ಸಾಹೇಬ್ರ" ಅನ್ನುತ್ತಾರೆ. ಅಮರಮ್ಮನ ದಿನಕ್ಕೆ ಹೋಗಿ ಎರಡು ಒಳ್ಳೆಯ ಮಾತಾಡಬೇಕೆಂದು ಅವನ್ನೂ ಜೋಡಿಸಿಕೊಂಡಿದ್ದೆ.

ಒಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ಗೌಡರ ಹಿತ್ತಲಿಗೆ ಟ್ರ್ಯಾಕ್ಟರ್ ಬಂದು, ಏನನ್ನೋ ಇಳಿಸಿ ಹೋದ ಸದ್ದಾಯಿತು. ಹನ್ನೊಂದರ ಬಿಸಿಲಿನಲ್ಲಿ ನಾನು ಸ್ಟೂಲು ಹತ್ತಿದೆ. ವೆಂಕಟರಾವ್ ನಮ್ಮ ಒಗೆಯುವ ಕಲ್ಲು ಹತ್ತಿದರು. ಹಿತ್ತಲಿನಲ್ಲಿ ಚೀಲಗಳ ರಾಶಿ, ಸೊಪ್ಪೆಯ ಕಟ್ಟುಗಳು. ತಗಡು ತೆಗೆದಿತ್ತು. ನೋಡುತ್ತಿದ್ದಂತೆ ತೆಗ್ಗಿನ ಬಾಯಿಯಿಂದ ಒಂದು ತಲೆ ಮೇಲೆ ಬಂತು. ಬೂದಿ ಬಳಿದ ಕೂದಲು, ಬೂದಿ ಬಳಿದ ಮುಖ, ಅದರ ನಡುವೆ ತೆರೆದ ಎರಡು ಕಣ್ಣು. ಅಮರಮ್ಮ! ನಾನು "ಯವ್ವಾ ಸತ್ನೋ!" ಎಂದು ಕಿರುಚಿದೆ. ವೆಂಕಟರಾವ್ ಕಲ್ಲಿನಿಂದ ಜಾರಿ ಬಕೆಟ್ಟಿನೊಳಗೆ ಕಾಲಿಟ್ಟರು.

"ಯಾರಲೇ ಅದು ಗ್ವಾಡಿ ಮ್ಯಾಲ ಕೊಳ್ಳು ಚಾಚಿ ಒದರಾಂವ?" ಎಂದು ಹೆಣ ಗದರಿತು. "ಹಗೇವಿನಾಗ ಇಳಿದು ಗ್ವಾಡಿ ಒಣಗ್ಯಾವೋ ಇಲ್ಲೋ ನೋಡಬೇಕಾ ಬ್ಯಾಡಾ?"

ಹಗೇವು! ನನ್ನ ತಲೆಯ ಮೇಲೆ ಯಾರೋ ಕೊಡಪಾನ ನೀರು ಸುರಿದ ಹಾಗಾಯಿತು. ಜೋಳವನ್ನು ವರ್ಷಗಟ್ಟಲೆ ಹುಳ ಬೀಳದಂತೆ ಇಡುವ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೆ ಬೆಂಕಿ ಹಾಕಿ ಒಣಗಿಸಿ, ಬೇವಿನ ಹೊಗೆ ಕೊಟ್ಟು, ಜೋಳದ ಒಣದಂಟಿನ ಸೊಪ್ಪೆ ಹಾಸಿ ಕಾಳು ತುಂಬುತ್ತಾರೆ. ವೆಂಕಟರಾವ್‌ಗೆ ಗೊತ್ತಿಲ್ಲದಿದ್ದರೆ ತಪ್ಪಿಲ್ಲ, ಅವರು ಭತ್ತದ ಸೀಮೆಯವರು. ನಾನು? ಮಸ್ಕಿಯಲ್ಲಿ ನಮ್ಮಜ್ಜನ ಹಗೇವಿಗೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದು, ಬಿದಿರಿನ ಪುಟ್ಟಿಗೆ ಜೋಳ ತುಂಬಿ ಕಳಿಸಿದವನು! ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರಲ್ಲ, ನನಗೆ ಅಜ್ಜನ ಹಗೇವು ಹೆಣದ ಕುಣಿಯಾಗಿ ಕಂಡಿತ್ತು. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳುತ್ತೇನೆ: ಆಕೆ ಬದುಕಿದ್ದಾಳೆಂದು ತಿಳಿದಾಗ ಮೊದಲು ನನಗಾದದ್ದು ನಿರಾಸೆ. ನಾಚಿಕೆ ಆಮೇಲೆ ಬಂತು, ಸ್ಟೂಲಿನಿಂದ ಇಳಿಯುವಾಗ.

ಗೌಡರು ನಮ್ಮಿಬ್ಬರನ್ನೂ ಬಾಗಿಲಿನಿಂದ ಒಳಗೆ ಕರೆದರು. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಅವ್ವ ಕಾಳು ತರಾಕ ಗುರುಗುಂಟಾಕ್ಕ ಹೋಗಿದ್ಲು, ಇವತ್ತ ಮುಂಜಾನೆ ಟ್ರ್ಯಾಕ್ಟರಿನಾಗ ಬಂದಾಳ. ಕಾಳು ಒಳಗ ಬೀಳೋತನಕ ಯಾರ ಮುಂದೂ ಬಾಯಿ ಬಿಡಬ್ಯಾಡ, ಕಂಡೋರ ಕಣ್ಣು ತಾಗ್ತದ ಅಂತ ಆಣಿ ಹಾಕಿದ್ಲು. ಅದಕ್ಕ ಬಾಯಿಗೆ ಬಂದ ಸುಳ್ಳು ಹೇಳಿದ್ವಿ" ಅಂದರು. ಕಂಡೋರ ಕಣ್ಣು ಅಂದಾಗ ನಾನು ಕಣ್ಣನ್ನು ನೆಲಕ್ಕಿಳಿಸಿದೆ. ಇವತ್ತು ಮುದುಕಿಯಿಂದ ಮಂಗಳಾರತಿ ಖಚಿತ ಎಂದು ಕಾದೆ. ಒಂಬತ್ತು ದಿನ ಗೋಡೆಯ ಮೇಲೆ ತಲೆ ಇಟ್ಟವನನ್ನು ಯಾರು ಬಿಡುತ್ತಾರೆ?

ಅಮರಮ್ಮ ಸೆರಗಿನಿಂದ ಮುಖದ ಬೂದಿ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದಳು. ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು.

"ನೀಲಮ್ಮ ಎಲ್ಲಾ ಹೇಳ್ಯಾಳ ತಮ್ಮಾ. ದಿನಾ ಎರಡೆರಡು ಸಲ 'ಅಮ್ಮಾರು ಎಲ್ಲಿ, ಅಮ್ಮಾರು ಎಲ್ಲಿ' ಅಂತ ಕೇಳೀಯಂತ. ಗ್ವಾಡಿ ಹತ್ತಿ ಹುಡುಕೀಯಂತ. ಈ ಓಣ್ಯಾಗಿನ ಮಂದಿನೆಲ್ಲಾ ದಿನಾ ನಾ ಮಾತಾಡಿಸ್ತೀನಿ. ಒಂಬತ್ತು ದಿನ ನಾ ಇರಲಿಲ್ಲ, ಒಬ್ಬರರ ಕೇಳಬೇಕಲ್ಲ, ಮುದುಕಿ ಅದಾಳೋ ಸತ್ತಾಳೋ ಅಂತ? ನೀ ಒಬ್ಬಾಂವ ಕೇಳಿದಿ ನೋಡು!" ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಈಗೂ ನನ್ನ ಕಂಡ ಕೂಡಲೇ ಹೆಂಗ ಒದರಿದಿ, ಜೀವಾನ ಹೋದಂಗ!"

ನಿಜ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ವೆಂಕಟರಾವ್ "ಅಲ್ಲಂಡಿ, ಇವರು—" ಎಂದು ಬಾಯಿ ತೆರೆದರು. ನಾನು ಅವರ ಒದ್ದೆ ಕಾಲನ್ನು ಬಲವಾಗಿ ತುಳಿದೆ.

"ಸುರುವಿನ ಪುಟ್ಟಿ ಇವನ ಕೈಲೆ ಬೀಳಲಿ" ಅಂದಳು ಅಮರಮ್ಮ. ಹಗೇವಿಗೆ ಮೊದಲ ಪುಟ್ಟಿ ಜೋಳ ಸುರಿಯುವುದು ಮನೆಯ ಯಜಮಾನನ ಹಕ್ಕು. ಅದಕ್ಕಾಗಿ ಗೌಡರು ತಲೆಗೆ ಮಿಂದು, ಹೊಸ ಧೋತರ ಉಟ್ಟು, ಅರಿಶಿನ ಹಚ್ಚಿದ ಪುಟ್ಟಿ ಹಿಡಿದು ನಿಂತಿದ್ದರು. "ಅವ್ವಾ, ನಾನು—" ಅಂದರು. "ನೀ ಏನು? ನೀ ನನಗ ನಿನ್ನೆ ತನಕ ಒಂದು ಫೋನರ ಮಾಡೀಯೇನು? ಒಳ್ಳೇ ಕಣ್ಣು, ತಣ್ಣನ ಕೈ ಇರಾಂವ ಸುರುವಬೇಕು. ಕೊಡು ಅವನ ಕೈಯಾಗ" ಎಂದು ಮುದುಕಿ ಗದರಿದಳು.

ಗೌಡರು ಪುಟ್ಟಿ ಕೊಟ್ಟರು. ಕೊಡುವಾಗ ಒಂದು ಗಳಿಗೆ ಹೆಚ್ಚಿಗೆ ಹಿಡಿದುಕೊಂಡರು. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಆರು ತಿಂಗಳಿಂದ ಗಡ್ಡ ಹೆರೆದುಕೊಳ್ಳುವಾಗ ನಾನು ಕನ್ನಡಿಯಲ್ಲಿ ದಿನಾ ನೋಡುತ್ತಿದ್ದ ಮುಖ ಅದು. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಪಾಪ, ಆ ಉರಿ ಎಂಥದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಾಯಿಗೂ ಮಗನಿಗೂ ಅವತ್ತೇ, ಅಲ್ಲೇ, ಎಲ್ಲ ಹೇಳಿಬಿಡಬಹುದಿತ್ತು. ನಾನು ಜೋಳ ಸುರಿದು, ಖಾಲಿ ಪುಟ್ಟಿಯನ್ನು ಗೌಡರ ಕಡೆ ಚಾಚಿ, "ಎರಡನೇದೂ ನಾನೇ ಹಾಕ್ಲೇನ್ರಿ?" ಎಂದು ಕೇಳಿದೆ.